ಪೆನ್ಸಿಲ್ಲಿನ ಊಹೆ, ಕೆಂಪು ಶಾಯಿಯ ಫಲಿತಾಂಶ

ವರ್ಷಕ್ಕೊಮ್ಮೆ ಒಂದು ಸೋಮವಾರ ಬೆಳಿಗ್ಗೆ ನಮ್ಮ ಮನೆಯಲ್ಲಿ ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿಯುತ್ತದೆ. ಗೃಹಪ್ರವೇಶವೇನಲ್ಲ. ಆ ಹೊತ್ತಿಗೆ ಸರಿಯಾಗಿ ಲಾಸ್ ಏಂಜಲೀಸಿನಲ್ಲಿ ಆಸ್ಕರ್ ಚಲನಚಿತ್ರ ಪ್ರಶಸ್ತಿಯ ವೇದಿಕೆಯ ಮೇಲೆ ಯಾರೋ ಒಬ್ಬರು ಲಕೋಟೆ ಒಡೆಯುತ್ತಿರುತ್ತಾರೆ, ನಾನು ಸೌಟು ಹಿಡಿದುಕೊಂಡು ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿರುತ್ತೇನೆ. ಟಿ.ವಿ.ಯ ಧ್ವನಿ ಆರಿಸಿರುತ್ತದೆ, ಮನೆಯವರು ಮಲಗಿರುತ್ತಾರಲ್ಲ. ತುಟಿಯ ಚಲನೆಯಲ್ಲಿ ಹೆಸರು ಓದುವುದು ನನಗೆ ಅಭ್ಯಾಸವಾಗಿದೆ. ಪರೀಕ್ಷಾ ಕೊಠಡಿಯಲ್ಲಿ ಹಿಂದಿನ ಬೆಂಚಿನವರು ಪಿಸುಗುಡುವ ಉತ್ತರವನ್ನು ದೂರದಿಂದಲೇ ಓದಿ ಪಳಗಿದ ಕಣ್ಣು ಇದು.

ನಾನು ತುಮಕೂರಿನ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ಹುಟ್ಟಿದ್ದು ತಿಪಟೂರು, ಸೇರಿದ್ದು ಇಲ್ಲಿಗೆ. ಆಸ್ಕರ್ ಸಮಾರಂಭ ಸಾಮಾನ್ಯವಾಗಿ ಬರುವುದು ಫೆಬ್ರುವರಿ ಕೊನೆಗೋ ಮಾರ್ಚ್ ತಿಂಗಳಲ್ಲೋ. ಹತ್ತನೇ ತರಗತಿಯ ಪೂರ್ವಸಿದ್ಧತಾ ಪರೀಕ್ಷೆಯ ಉತ್ತರಪತ್ರಿಕೆಗಳ ಕಟ್ಟು ಮೇಜಿನ ಮೇಲೆ ಕೂತಿರುವ ಕಾಲವೂ ಅದೇ. ಹಾಗಾಗಿ ನನ್ನ ಎಡಗೈ ಪಕ್ಕದಲ್ಲಿ ಕಟ್ಟು, ಬಲಗೈ ಪಕ್ಕದಲ್ಲಿ ಇನ್ನೂರು ಪುಟದ ಉದ್ದನೆಯ ನೋಟ್‌ಬುಕ್. ಅದಕ್ಕೆ ಶಾಲಾಮಕ್ಕಳ ಹಾಗೆ ಕಂದು ಕಾಗದದ ಹೊದಿಕೆ ಹಾಕಿದ್ದೇನೆ. ಎಡಪುಟದಲ್ಲಿ ಪೆನ್ಸಿಲ್ಲಿನಲ್ಲಿ ನನ್ನ ಊಹೆ, ಬಲಪುಟದಲ್ಲಿ ಕೆಂಪು ಶಾಯಿಯಲ್ಲಿ ಫಲಿತಾಂಶ, ಕೆಳಗೆ ನನಗೆ ನಾನೇ ಕೊಟ್ಟುಕೊಂಡ ಅಂಕ. ಸಮಾರಂಭ ಎಷ್ಟು ಗಂಟೆಗೆ ಶುರುವಾಗುತ್ತದೆ ಎಂಬುದು ಅಲ್ಲಿಯವರ ಗಡಿಯಾರದ ಚಾಳಿಯನ್ನು ಅವಲಂಬಿಸಿದೆ. ಬೇಸಿಗೆಗೆಂದು ಅವರು ಮುಳ್ಳನ್ನು ಒಂದು ಗಂಟೆ ಮುಂದಿಡುವ ಮೊದಲು ನಡೆದರೆ ನಮಗೆ ಆರೂವರೆ, ಏಳು ಆಗುತ್ತಿತ್ತು. ಇಟ್ಟ ಮೇಲೆ ನಡೆದರೆ ಐದೂವರೆ. 2024ರಿಂದ ಅಲ್ಲಿಯವರು ಸಮಾರಂಭವನ್ನೇ ಒಂದು ಗಂಟೆ ಬೇಗ ಇಟ್ಟುಕೊಂಡರು, ನಮಗೆ ನಾಲ್ಕೂವರೆಗೇ ಶುರುವಾಯಿತು. ಆ ವರ್ಷ ನಾನು ಮಲಗಲೇ ಇಲ್ಲ.

ನೋಟ್‌ಬುಕ್ ಶುರುವಾದದ್ದು 2002ರ ಮಾರ್ಚ್ 25ರಂದು. ಆಗ ಬಿ.ಇಡಿ. ಓದುತ್ತಿದ್ದೆ. ತಿಪಟೂರಿನ ನಮ್ಮ ಮನೆಯಲ್ಲಿ ಕೇಬಲ್ ಇರಲಿಲ್ಲ. ಕೊಬ್ಬರಿ ವ್ಯಾಪಾರ ಮಾಡುತ್ತಿದ್ದ ಸೋದರಮಾವನ ಮನೆಗೆ ಬೆಳಿಗ್ಗೆಯೇ ಹೋಗಿ ಕುಳಿತಿದ್ದೆ. ‘ಲಗಾನ್’ ವಿದೇಶಿ ಭಾಷಾ ಚಿತ್ರಗಳ ಅಂತಿಮ ಐದರಲ್ಲಿತ್ತು. ಅದರ ಹೆಸರನ್ನು ಪೆನ್ನಿನಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದಿದ್ದೆ. ಗೆದ್ದದ್ದು ಬೋಸ್ನಿಯಾದ ‘ನೋ ಮ್ಯಾನ್ಸ್ ಲ್ಯಾಂಡ್’. ಮಾವ ತಮ್ಮ ಪಾಡಿಗೆ ಕೊಬ್ಬರಿ ಧಾರಣೆಯ ಲೆಕ್ಕ ನೋಡುತ್ತ, “ಧಾರಣೆ ನಿಲ್ಲುವ ತನಕ ಪೆನ್ನಿನಲ್ಲಿ ಬರೆಯಬಾರದು ಕಣಮ್ಮ” ಎಂದರು. ಅಂದಿನಿಂದ ಊಹೆಗಳೆಲ್ಲ ಪೆನ್ಸಿಲ್ಲಿನಲ್ಲಿ.

ವಿಭಾಗಕ್ಕೊಂದು ಅಂಕದಂತೆ ನನ್ನ ಅತ್ಯುತ್ತಮ ಸಾಧನೆ 24ಕ್ಕೆ 19. ಅದು 2004ರ ಸಮಾರಂಭ. ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಸರಣಿಯ ಮೂರನೇ ಚಿತ್ರ ನಾಮನಿರ್ದೇಶನಗೊಂಡ 11 ವಿಭಾಗಗಳಲ್ಲಿ ಹನ್ನೊಂದನ್ನೂ ಬಾಚಿಕೊಂಡಿತು. ನಾನು ಕಣ್ಣು ಮುಚ್ಚಿ ಎಲ್ಲ ಕಡೆ ಅದೇ ಹೆಸರು ಬರೆದಿದ್ದೆ. ಬಹು ಆಯ್ಕೆಯ ಪ್ರಶ್ನೆಗಳಿಗೆಲ್ಲ ‘ಬಿ’ ಎಂದು ಬರೆದು ಪಾರಾಗುವ ಹುಡುಗರ ಮೇಲೆ ಅಂದಿನಿಂದ ನನಗೆ ಸಿಟ್ಟು ಬರುವುದಿಲ್ಲ. ಧ್ವನಿಗೆ ಎರಡು ಇದ್ದ ಪ್ರಶಸ್ತಿಯನ್ನು ಒಂದು ಮಾಡಿದ್ದರಿಂದ 2021ರಲ್ಲಿ ಒಟ್ಟು ಅಂಕ 23ಕ್ಕೆ ಇಳಿಯಿತು. ಪಠ್ಯಕ್ರಮ ಕಡಿತವಾದಾಗ ಮಕ್ಕಳು ಕುಣಿಯುತ್ತಾರೆ. ನಾನು ಪುಟದ ಅಂಚಿನಲ್ಲಿ ಸಣ್ಣದೊಂದು ಆಕ್ಷೇಪ ಬರೆದಿಟ್ಟೆ.

ಈ ಹುಚ್ಚಿನಲ್ಲಿ ನನಗಿದ್ದ ದೊಡ್ಡ ಕೊರತೆಯೆಂದರೆ ಕೊನೆಯ ಲಕೋಟೆ. ಸಮಾರಂಭ ಏಳಕ್ಕೆ ಶುರುವಾದ ವರ್ಷಗಳಲ್ಲಿ ಅತ್ಯುತ್ತಮ ಚಿತ್ರದ ಹೆಸರು ಹೊರಬರುವಾಗ ಹತ್ತೂವರೆ ದಾಟಿರುತ್ತಿತ್ತು. ನಾನು ಒಂಬತ್ತೂಕಾಲಿಗೆ ಮನೆ ಬಿಟ್ಟು, ಭದ್ರಮ್ಮ ಸರ್ಕಲ್ಲಿನ ವಾಹನಗಳ ಗೊಂದಲ ದಾಟಿ, ಹಾಜರಿ ಪುಸ್ತಕಕ್ಕೆ ಸಹಿ ಹಾಕಿ, ಪ್ರಾರ್ಥನೆಗೆ ನಿಂತಿರುತ್ತಿದ್ದೆ. ಹೀಗಾಗಿ ಇಪ್ಪತ್ತಕ್ಕೂ ಹೆಚ್ಚು ವರ್ಷಗಳಲ್ಲಿ ಆ ಕೊನೆಯ ಕ್ಷಣವನ್ನು ನೇರವಾಗಿ ಕಂಡದ್ದು ಬೆರಳೆಣಿಕೆಯಷ್ಟು ಸಲ. ಬೆಂಗಳೂರಿನಲ್ಲಿರುವ ತಮ್ಮನಿಗೆ ವರದಿಗಾರಿಕೆ ಒಪ್ಪಿಸಿದ್ದೆ. ಹೆಸರು ಬಂದ ತಕ್ಷಣ ಅವನು ಸಂದೇಶ ಕಳುಹಿಸಬೇಕು, ನಾನು ಮೊದಲ ವಿರಾಮದಲ್ಲಿ ಸಿಬ್ಬಂದಿ ಕೊಠಡಿಗೆ ಬಂದು ಓದಬೇಕು.

2017ರ ಫೆಬ್ರುವರಿ 27ರಂದು ಅವನ ಸಂದೇಶ ಬಂದಿತ್ತು: ‘ಲಾ ಲಾ ಲ್ಯಾಂಡ್’. ಕೆಂಪು ಶಾಯಿಯಲ್ಲಿ ಬರೆದು, ನನ್ನ ಊಹೆಯೂ ಅದೇ ಆದ್ದರಿಂದ ಒಂದು ಅಂಕ ಕೊಟ್ಟುಕೊಂಡು, ಸಮಾಸ ಪಾಠ ಮಾಡಲು ಹೋದೆ. ಮಧ್ಯಾಹ್ನದ ಬಿಸಿಯೂಟದ ಹೊತ್ತಿಗೆ ಇನ್ನೊಂದು ಸಂದೇಶ: “ಅಕ್ಕ, ಅದಲ್ಲವಂತೆ.” ಹೆಸರು ಕೇಳಿದ ಕೂಡಲೇ ಟಿ.ವಿ. ಆರಿಸಿ ಸ್ನಾನಕ್ಕೆ ಹೋಗಿದ್ದನಂತೆ ಪುಣ್ಯಾತ್ಮ. ಅಷ್ಟರಲ್ಲಿ ವೇದಿಕೆಯ ಮೇಲೆ ಪ್ರಪಂಚವೇ ತಿರುಗಿಬಿದ್ದಿತ್ತು. ನಡೆದದ್ದು ಇಷ್ಟು. ಲಕೋಟೆಗಳು ಎರಡು ಜೊತೆ ಇರುತ್ತವೆ, ವೇದಿಕೆಯ ಎಡಕ್ಕೊಂದು, ಬಲಕ್ಕೊಂದು. ಪ್ರಶಸ್ತಿ ಘೋಷಿಸುವವರು ಯಾವ ಕಡೆಯಿಂದ ಬಂದರೂ ಸಿಗಲಿ ಎಂದು. ಅತ್ಯುತ್ತಮ ನಟಿಯ ಲಕೋಟೆ ಒಂದು ಕಡೆ ಒಡೆದಿತ್ತು, ಇನ್ನೊಂದು ಕಡೆ ಅದರ ಪ್ರತಿ ಹಾಗೇ ಉಳಿದಿತ್ತು. ಆ ಉಳಿದ ಲಕೋಟೆಯೇ, ಅತ್ಯುತ್ತಮ ಚಿತ್ರ ಘೋಷಿಸಲು ಬಂದ ನಟ ವಾರೆನ್ ಬೀಟಿಯವರ ಕೈಗೆ ಹೋಯಿತು. ಅದರ ಚೀಟಿಯಲ್ಲಿ ಗೆದ್ದ ನಟಿಯ ಹೆಸರಿನ ಜೊತೆ ಆಕೆಯ ಚಿತ್ರ ‘ಲಾ ಲಾ ಲ್ಯಾಂಡ್’ನ ಹೆಸರೂ ಇತ್ತು. ಅವರು ಚೀಟಿ ನೋಡಿದರು, ಲಕೋಟೆಯೊಳಗೆ ಮತ್ತೆ ಇಣುಕಿದರು, ತಡವರಿಸಿದರು, ಪಕ್ಕದಲ್ಲಿದ್ದ ನಟಿ ಫೇ ಡನವೇ ಅವರಿಗೆ ತೋರಿಸಿದರು. ಅನುಮಾನ ಬಂದವರು ಬಾಯಿ ಬಿಡಲಿಲ್ಲ, ಬಾರದವರು ಓದಿಬಿಟ್ಟರು. ಎರಡು ನಿಮಿಷಕ್ಕೂ ಹೆಚ್ಚು ಕಾಲ ಗೆಲ್ಲದವರು ಕೃತಜ್ಞತೆ ಹೇಳಿದರು. ಕೊನೆಗೆ ಆ ಚಿತ್ರದ ನಿರ್ಮಾಪಕರಲ್ಲೊಬ್ಬರೇ ಮುಂದೆ ಬಂದು, ಗೆದ್ದದ್ದು ‘ಮೂನ್‌ಲೈಟ್’ ಎಂದು ಸರಿಯಾದ ಚೀಟಿಯನ್ನು ಕ್ಯಾಮೆರಾಕ್ಕೆ ಹಿಡಿದು ತೋರಿಸಿದರು.

ನಾನು ಕೆಂಪು ಶಾಯಿಯ ಮೇಲೆ ಗೆರೆ ಎಳೆದು, ಸರಿಯಾದ ಹೆಸರು ಬರೆದು, ಒಂದು ಅಂಕ ಕಳೆದು, ಪಕ್ಕದಲ್ಲಿ ಸಹಿ ಹಾಕಿದೆ. ಮೌಲ್ಯಮಾಪನದಲ್ಲಿ ಅಂಕ ತಿದ್ದಿದರೆ ತಿದ್ದಿದವರು ಸಹಿ ಹಾಕಬೇಕು. ನನ್ನ ನೋಟ್‌ಬುಕ್ಕಿಗೂ ಅದೇ ಕಾನೂನು.

ಸಿಬ್ಬಂದಿ ಕೊಠಡಿಯಲ್ಲಿ ಎಲ್ಲರೂ ಆ ಪ್ರಸಂಗ ಹೇಳಿಕೊಂಡು ನಕ್ಕರು. ನನಗೆ ನಗು ಬರಲಿಲ್ಲ, ಬೆನ್ನಲ್ಲಿ ಬೆವರು ಬಂತು. ಅದಕ್ಕೆ ಕೆಲವು ವರ್ಷಗಳ ಹಿಂದೆ ಒಂದು ಎಸ್.ಎಸ್.ಎಲ್.ಸಿ. ಪರೀಕ್ಷಾ ಕೇಂದ್ರದಲ್ಲಿ ನಾನು ಕೊಠಡಿ ಮೇಲ್ವಿಚಾರಕಿಯಾಗಿದ್ದೆ. ಯಾವ ಕೇಂದ್ರ, ಯಾರ ತಪ್ಪು ಎಂಬುದು ಈಗ ಬೇಡ. ಖಜಾನೆಯಿಂದ ಮಾರ್ಗಾಧಿಕಾರಿಗಳು ತಂದ ಕಟ್ಟು, ಮುಖ್ಯ ಅಧೀಕ್ಷಕರ ಕೊಠಡಿ, ಅಲ್ಲಿಂದ ನಮ್ಮ ಕೈ. ಎಲ್ಲ ಕ್ರಮಬದ್ಧ. ಮಕ್ಕಳಿಗೆ ಮೊಹರು ತೋರಿಸಿ ಒಡೆದೆ, ಹಂಚಿದೆ. ಗಣಿತ. ಮೂರ್ನಾಲ್ಕು ನಿಮಿಷವಾದ ಮೇಲೆ ಬೆಂಚುಗಳ ನಡುವೆ ಓಡಾಡುತ್ತ ನೋಡುತ್ತೇನೆ, ಕನ್ನಡ ಮಾಧ್ಯಮದ ಕೊಠಡಿಯಲ್ಲಿ ಇಂಗ್ಲಿಷ್ ಮಾಧ್ಯಮದ ಪ್ರಶ್ನೆಪತ್ರಿಕೆ. ಓಡಿಹೋಗಿ ಹೇಳಿದೆ, ಬದಲಾಯಿಸಿದರು, ಕಳೆದ ಸಮಯವನ್ನು ಕೊನೆಗೆ ಕೊಟ್ಟರು, ಯಾರಿಗೂ ನಷ್ಟವಾಗಲಿಲ್ಲ. ಆದರೆ ನನ್ನನ್ನು ಇಂದಿಗೂ ಕಾಡುವುದು ಬೇರೆ. ಕೊಠಡಿಯಲ್ಲಿ 24 ಮಕ್ಕಳಿದ್ದರು. ಒಬ್ಬರೂ ಕೈ ಎತ್ತಲಿಲ್ಲ. ಎಲ್ಲರಿಗೂ ಹೀಗೇ ಬಂದಿರಬೇಕು, ತನಗೊಬ್ಬನಿಗೆ ಅರ್ಥವಾಗುತ್ತಿಲ್ಲ ಎಂದುಕೊಂಡು ಸುಮ್ಮನೆ ಕೂತಿದ್ದರು. ಮೂರನೇ ಸಾಲಿನ ಹುಡುಗಿಯೊಬ್ಬಳು ಆಗಲೇ ಒಂದನೇ ಪ್ರಶ್ನೆಯ ಸಂಖ್ಯೆ ಹಾಕಿ, ಅಂಕಿಗಳನ್ನಷ್ಟೇ ನೋಡಿ ಲೆಕ್ಕ ಬಿಡಿಸಲು ತೊಡಗಿದ್ದಳು. ವಾರೆನ್ ಬೀಟಿ ಆ ಚೀಟಿ ಹಿಡಿದುಕೊಂಡು ಸಭೆಯತ್ತ ನೋಡಿದ ನೋಟವನ್ನು ಆಮೇಲೆ ಎಷ್ಟು ಸಲ ಮೊಬೈಲಿನಲ್ಲಿ ಹಾಕಿ ನೋಡಿದ್ದೇನೋ ಲೆಕ್ಕವಿಲ್ಲ. ಪ್ರತಿ ಸಲವೂ ನನಗೆ ಕಾಣುವುದು ಮೂರನೇ ಸಾಲು.

ಲಕೋಟೆಯ ಕಥೆಯೂ ನಮ್ಮ ಇಲಾಖೆಯ ಕಥೆಯಂತೆಯೇ ಇದೆ. 1929ರ ಮೊದಲ ಸಮಾರಂಭದಲ್ಲಿ ಲಕೋಟೆಯೇ ಇರಲಿಲ್ಲ. ಗೆದ್ದವರ ಹೆಸರು ತಿಂಗಳುಗಳ ಮೊದಲೇ ಗೊತ್ತಿತ್ತು, ಪ್ರಶಸ್ತಿ ಹಂಚುವ ಕೆಲಸ ಹದಿನೈದು ನಿಮಿಷದಲ್ಲಿ ಮುಗಿಯಿತು. ಆಮೇಲೆ ರಾತ್ರಿ ಹನ್ನೊಂದಕ್ಕೆ ಪ್ರಕಟಿಸಿ ಎಂಬ ಕರಾರಿನ ಮೇಲೆ ಪತ್ರಿಕೆಗಳಿಗೆ ಪಟ್ಟಿ ಕೊಡುತ್ತಿದ್ದರು. 1940ರಲ್ಲಿ ‘ಲಾಸ್ ಏಂಜಲೀಸ್ ಟೈಮ್ಸ್’ ಸಂಜೆಯ ಆವೃತ್ತಿಯಲ್ಲೇ ಅಚ್ಚು ಹಾಕಿತು, ಅತಿಥಿಗಳು ಫಲಿತಾಂಶ ಓದಿಕೊಂಡೇ ಒಳಗೆ ಬಂದರು. ನಮ್ಮ ಮಾತಿನಲ್ಲಿ ಇದು ಪ್ರಶ್ನೆಪತ್ರಿಕೆ ಸೋರಿಕೆ. ಮರುವರ್ಷದಿಂದ ಮೊಹರು ಬಂತು. 2017ರ ಅವಾಂತರದ ಮೇಲೆ, ಲಕೋಟೆಗಳನ್ನು ಕಾಯುವ ಲೆಕ್ಕಿಗರ ಜೊತೆಗೆ ಇನ್ನೊಬ್ಬ ಲೆಕ್ಕಿಗರನ್ನು ನಿಯಂತ್ರಣ ಕೊಠಡಿಯಲ್ಲಿ ಕೂರಿಸಿದರು. ಒಂದೊಂದು ತಪ್ಪಿಗೆ ಒಬ್ಬೊಬ್ಬ ಅಧಿಕಾರಿ ಹೆಚ್ಚಾಗುವುದು ಅಮೆರಿಕದಲ್ಲೂ ಇದೆಯಲ್ಲ ಎಂದು ನನಗೆ ಎಷ್ಟೋ ಸಮಾಧಾನವಾಯಿತು.

ಇಷ್ಟೆಲ್ಲ ಹೇಳಿದ ಮೇಲೆ ಒಂದು ತಪ್ಪೊಪ್ಪಿಗೆ. ನಾನು ಊಹೆ ಬರೆಯುವ ಚಿತ್ರಗಳಲ್ಲಿ ಅರ್ಧಕ್ಕೂ ಹೆಚ್ಚನ್ನು ನೋಡಿರುವುದಿಲ್ಲ. ಮೊದಲ ಹತ್ತು ಹನ್ನೆರಡು ವರ್ಷವಂತೂ ಮುಕ್ಕಾಲು ಪಾಲು ನೋಡಿರಲಿಲ್ಲ. ಅಂಥ ಚಿತ್ರಗಳು ತುಮಕೂರಿನ ಟಾಕೀಸುಗಳಿಗೆ ಯಾವ ಕಾಲಕ್ಕೆ ಬರಬೇಕು? ಪತ್ರಿಕೆಯಲ್ಲಿ ಓದಿ, ಅವರಿವರ ಮಾತು ಕೇಳಿ, ಗಾಳಿ ನೋಡಿ ತೂರುತ್ತಿದ್ದೆ. ಉತ್ತರ ಓದದೆ ಅಂಕ ಹಾಕುವ ಮೌಲ್ಯಮಾಪಕರನ್ನು ಕಂಡರೆ ಉರಿದುಬೀಳುವ ನಾನು ನನ್ನ ನೋಟ್‌ಬುಕ್ಕಿನಲ್ಲಿ ಮಾಡುತ್ತಿದ್ದುದು ಅದನ್ನೇ. ಆದರೆ ಆಸ್ಕರ್ ಕೊಡುವ ಅಕಾಡೆಮಿಯಲ್ಲಿ ಮತ ಹಾಕುವ ಸದಸ್ಯರೂ ಎಲ್ಲ ಚಿತ್ರ ನೋಡಿರಬೇಕೆಂಬ ಸಾಮಾನ್ಯ ನಿಯಮ ಇರಲಿಲ್ಲ ಎಂದು ತಿಳಿದಾಗ ನನಗೆ ನಾಚಿಕೆ ಕಡಿಮೆಯಾಯಿತು, ಸಿಟ್ಟು ಹೆಚ್ಚಾಯಿತು. 2025ರ ಏಪ್ರಿಲ್‌ನಲ್ಲಷ್ಟೇ ಅವರು ನಿಯಮ ತಂದರು: ಅಂತಿಮ ಸುತ್ತಿನಲ್ಲಿ ಒಂದು ವಿಭಾಗಕ್ಕೆ ಮತ ಹಾಕಬೇಕಾದರೆ ಆ ವಿಭಾಗದ ಎಲ್ಲ ಚಿತ್ರಗಳನ್ನೂ ನೋಡಿರಬೇಕು. ಹೊಸ್ತಿಲು ದಾಟಿ ತೊಂಬತ್ತು ವರ್ಷ ಕಳೆದ ಮೇಲೆ ಚಪ್ಪಲಿ ಬಿಡಿ ಎಂದ ಹಾಗೆ.

ಅತ್ಯುತ್ತಮ ಚಿತ್ರದ ಮತ ಎಣಿಕೆ ಮಾತ್ರ ನನಗೆ ಯಾರೂ ಬಿಡಿಸಿ ಹೇಳಬೇಕಾಗಿ ಬರಲಿಲ್ಲ. 2010ರ ಸಮಾರಂಭಕ್ಕೆ ಹತ್ತು ಚಿತ್ರಗಳನ್ನು ಕಣಕ್ಕಿಳಿಸಿದಾಗಿನಿಂದ ಅಲ್ಲಿ ಪ್ರಾಶಸ್ತ್ಯದ ಮತ. ನಾವು ವಿಧಾನ ಪರಿಷತ್ತಿನ ಆಗ್ನೇಯ ಶಿಕ್ಷಕರ ಕ್ಷೇತ್ರದ ಮತದಾರರು. ತುಮಕೂರು, ಚಿತ್ರದುರ್ಗ, ದಾವಣಗೆರೆ, ಕೋಲಾರ, ಚಿಕ್ಕಬಳ್ಳಾಪುರದ ಮೇಷ್ಟ್ರುಗಳೆಲ್ಲ ಸೇರಿ ಒಂದು, ಎರಡು, ಮೂರು ಎಂದು ಅಂಕಿ ಬರೆದು ಬರುತ್ತೇವೆ. ಯಾರಿಗೂ ಅರ್ಧಕ್ಕಿಂತ ಹೆಚ್ಚು ಮೊದಲ ಪ್ರಾಶಸ್ತ್ಯ ಸಿಗದಿದ್ದರೆ ಎಲ್ಲರಿಗಿಂತ ಕೆಳಗಿರುವವರನ್ನು ಕೈಬಿಟ್ಟು, ಅವರ ಮತಗಳನ್ನು ಎರಡನೇ ಪ್ರಾಶಸ್ತ್ಯದವರಿಗೆ ಹಂಚುತ್ತಾರೆ. ಇದರಲ್ಲಿ ಕೆಲವರು ಹುಚ್ಚೆದ್ದು ಮೆಚ್ಚಿ ಉಳಿದವರು ಮೂಗು ಮುರಿಯುವ ಚಿತ್ರ ಸೋಲುವುದುಂಟು, ಯಾರೂ ಬೇಡ ಎನ್ನದ ಚಿತ್ರ ಗೆಲ್ಲುವುದುಂಟು. ನಮ್ಮಲ್ಲೂ ಅಭ್ಯರ್ಥಿಗಳು ಮನೆಗೆ ಬಂದು “ಮೇಡಂ, ಮೊದಲನೆಯದು ಅವರಿಗೆ ಕೊಟ್ಟಿದ್ದರೂ ಪರವಾಗಿಲ್ಲ, ಎರಡನೆಯದು ನನಗಿರಲಿ” ಎಂದು ಕೈ ಮುಗಿಯುತ್ತಾರಲ್ಲ, ಅದೇ ವ್ಯಾಕರಣ.

ಈ ಎಲ್ಲ ವಿದ್ಯೆಯನ್ನೂ ಒಂದೇ ಮಾತಿಗೆ ಹೊಡೆದು ಹಾಕುವವರು ನನ್ನ ಅತ್ತೆ. ಅವರು ಗುಬ್ಬಿಯವರು. ಮದುವೆಯಾದ ಹೊಸದರಲ್ಲಿ ನಾನು ನಸುಕಿನಲ್ಲಿ ಎದ್ದು ಕೂರುವುದನ್ನು ಕಂಡು ಸೊಸೆ ವ್ರತ ಹಿಡಿದಿದ್ದಾಳೆ ಎಂದು ಸಂತೋಷಪಟ್ಟಿದ್ದರು. ಟಿ.ವಿ. ಕಂಡ ಮೇಲೆ ಆ ಸಂತೋಷ ಹೋಯಿತು, ಆದರೆ ಎದ್ದು ಬಂದು ಪಕ್ಕದಲ್ಲಿ ಕೂರುವುದು ಶುರುವಾಯಿತು. ಗೆದ್ದವರು ಮಾತು ಮುಗಿಸಿದ ಕೂಡಲೇ ಅವರದು ಒಂದೇ ಪ್ರಶ್ನೆ: “ಅಮ್ಮನ ಹೆಸರು ಹೇಳಿದನಾ?” ಹೇಳಿದ್ದರೆ ಸರಿಯಾದವನಿಗೇ ಸಂದಿದೆ. ಹೇಳದಿದ್ದರೆ ಕೊಟ್ಟವರದು ತಪ್ಪು. 2009ರಲ್ಲಿ ಎ.ಆರ್. ರಹಮಾನ್ ಎರಡು ಪ್ರಶಸ್ತಿ ಪಡೆದ ದಿನ ಮಧ್ಯದಲ್ಲಿ ಕರೆಂಟು ಹೋಗಿ, ನಾವಿಬ್ಬರೂ ಯು.ಪಿ.ಎಸ್. ಇದ್ದ ಎದುರುಮನೆಗೆ ಓಡಿದ್ದೆವು. ಅವರ ತಾಯಿಯೂ ಆ ಸಭೆಯಲ್ಲಿ ಇದ್ದಾರೆಂದು ಕೇಳಿ ಅತ್ತೆಗೆ ಆದ ಆನಂದ ಹೇಳತೀರದು. ಎದುರುಮನೆಯವರಿಗೆ ಅಲ್ಲೇ ಕಾಫಿಗೆ ಡಿಕಾಕ್ಷನ್ ಹಾಕಿಕೊಟ್ಟರು.

ಅತ್ತೆಯ ಇನ್ನೊಂದು ತಕರಾರು ನಗಿಸುವವರದು. “ತಿಪಟೂರಿನ ನಿಮ್ಮ ನರಸಿಂಹರಾಜು ತೆರೆಯ ಮೇಲೆ ಬಂದರೆ ಸಾಕು, ಟಾಕೀಸಿನಲ್ಲಿ ಮಕ್ಕಳು ಅಳು ನಿಲ್ಲಿಸುತ್ತಿದ್ದವು. ಅಂಥವರಿಗೆ ಇಲ್ಲಿ ಯಾವ ವಿಭಾಗ?” ನಾನು ನೋಟ್‌ಬುಕ್ ತಿರುವಿ ಉತ್ತರ ಕೊಟ್ಟೆ: ಮೊದಲ ಸಮಾರಂಭದಲ್ಲಿ ಹಾಸ್ಯಚಿತ್ರದ ನಿರ್ದೇಶಕರಿಗೆಂದೇ ಒಂದು ಪ್ರಶಸ್ತಿ ಇತ್ತು, ಮರುವರ್ಷವೇ ತೆಗೆದುಹಾಕಿದರು. “ನೋಡು, ಒಂದೇ ವರ್ಷಕ್ಕೆ ನಗು ಸಾಕಾಯಿತು ಅವರಿಗೆ” ಎಂದರು.

ಪ್ರಶಸ್ತಿ ಎಂದರೆ ಅತ್ತೆಯ ಕಣ್ಣಿಗೆ ಬರುವುದು ಕಂಪನಿ ನಾಟಕದ ಪದಕ. ಗುಬ್ಬಿಯ ಮಕ್ಕಳಿಗೆ ನಾಟಕ ನೀರಿನಷ್ಟೇ ಸಹಜ; ವೀರಣ್ಣನವರ ಊರು. ‘ಬೇಡರ ಕಣ್ಣಪ್ಪ’ ಚಿತ್ರಕ್ಕೆ ಹಣ ಹೂಡಿದ್ದೂ ಅವರ ಸಂಸ್ಥೆಯೇ, ರಾಜ್‌ಕುಮಾರ್ ನಾಯಕರಾದದ್ದೂ ಅದರಲ್ಲೇ, 1954ನೇ ಸಾಲಿನ ರಾಷ್ಟ್ರಪ್ರಶಸ್ತಿಯಲ್ಲಿ ಅದಕ್ಕೆ ಅರ್ಹತಾ ಪತ್ರವೂ ಬಂತು. ಇದನ್ನೆಲ್ಲ ಅತ್ತೆ ತಮ್ಮ ತವರಿನ ಆಸ್ತಿಪತ್ರದ ಹಾಗೆ ಹೇಳುತ್ತಾರೆ. ಅವರು ಹುಡುಗಿಯಾಗಿದ್ದಾಗ ಜಾತ್ರೆಗೆ ಬಂದಿದ್ದ ಕಂಪನಿಯೊಂದು ಹರಿಶ್ಚಂದ್ರ ನಾಟಕ ಆಡಿತಂತೆ. ಸ್ಮಶಾನದಲ್ಲಿ ಚಂದ್ರಮತಿ ಅತ್ತು ಹಾಡಿದ ಮೇಲೆ ಜನ ‘ಒನ್ಸ್ ಮೋರ್’ ಎಂದು ಕೂಗಿದರು. ಅವಳು ಕಣ್ಣೀರು ಒರೆಸಿಕೊಂಡು ಮತ್ತೆ ಮೊದಲಿನಿಂದ ಹಾಡಿದಳು. ಸತ್ತು ಮಲಗಿದ್ದ ಲೋಹಿತಾಶ್ವ ಅಷ್ಟರಲ್ಲಿ ನಿಜವಾಗಿ ನಿದ್ದೆ ಹೋಗಿ ಮಗ್ಗುಲು ಬದಲಿಸಿದ. ಆಗ ವೀಳ್ಯದೆಲೆ ವ್ಯಾಪಾರಿಯಾಗಿದ್ದ ಅತ್ತೆಯ ತಂದೆ ಎದ್ದು ಹೋಗಿ ಚಂದ್ರಮತಿಗೆ ಹೆಸರು ಕೆತ್ತಿಸಿದ ಬೆಳ್ಳಿಯ ಪದಕ ಕೊಟ್ಟರು.

“ಮೆಚ್ಚಿದರೆ ಹಾಗೆ ಅಲ್ಲೇ ಕೊಡಬೇಕಮ್ಮ. ಒಂದು ವರ್ಷ ಕಾದು, ಲಕೋಟೆಯಲ್ಲಿಟ್ಟು, ಮೊಹರು ಹಾಕಿ ಕೊಡುವುದು ಎಂಥ ಮೆಚ್ಚುಗೆ?”

ನಾನು ಮೇಷ್ಟ್ರಲ್ಲವೇ, ಬಿಡಲಿಲ್ಲ. “ಪದಕದ ಮೇಲೆ ಹೆಸರು ಕೆತ್ತಿಸಿದ್ದರು ಎಂದಿರಲ್ಲ ಅತ್ತೆ. ಅಂದರೆ ಅಕ್ಕಸಾಲಿಗನ ಹತ್ತಿರ ಮೊದಲೇ ಮಾಡಿಸಿದ್ದರು. ನಾಟಕ ನೋಡುವ ಮುಂಚೆಯ ಮೆಚ್ಚುಗೆಯೇ ಅದು?”

“ಅಪ್ಪ ಆ ನಾಟಕವನ್ನು ಅದಕ್ಕೂ ಮೊದಲು ಮೂರು ಸಲ ನೋಡಿದ್ದರು. ಕೊಟ್ಟದ್ದು ನಾಲ್ಕನೆಯ ದಿನ.”

ಒಂದು ಸಲವೂ ನೋಡದೆ ಮತ ಹಾಕಬಹುದಾಗಿದ್ದ ಅಕಾಡೆಮಿಯ ಬಗ್ಗೆ ಅತ್ತೆಗೆ ನಾನು ಹೇಳಲಿಲ್ಲ.

ಇನ್ನು ಸಣ್ಣಪುಟ್ಟ ಚಾಳಿಗಳು. ಚಿತ್ರಮಂದಿರದಲ್ಲಿ ಕೊನೆಯ ಹೆಸರು ತೆರೆಯ ಮೇಲೆ ಹೋಗುವ ತನಕ ಏಳುವುದಿಲ್ಲ. ನಮ್ಮ ಕಡೆ ‘ಶುಭಂ’ ಬರುವ ಮೊದಲೇ ಬಾಗಿಲು ತೆರೆದು ಬಿಸಿಲು ಒಳಗೆ ಬಿಡುತ್ತಾರೆ, ಕಸ ಗುಡಿಸುವವರು ನನ್ನ ಕಾಲೆತ್ತಿಸಿ ಗುಡಿಸುತ್ತಾರೆ, ಮನೆಯವರು ಗಾಡಿಯ ಹತ್ತಿರ ಹೋಗಿ ನಿಂತಿರುತ್ತಾರೆ. ಟಿಕೆಟ್‌ಗಳ ಹರಿದ ತುಂಡುಗಳನ್ನು ಹಳೆಯ ಹಾರ್ಲಿಕ್ಸ್ ಬಾಟಲಿಯಲ್ಲಿ ತುಂಬಿಟ್ಟಿದ್ದೇನೆ. ಚಿತ್ರ ನೋಡಿ ಬಂದ ದಿನ ಯಾರಾದರೂ “ಹೇಗಿತ್ತು?” ಎಂದರೆ ಉತ್ತರ ಕೊಡುವುದಿಲ್ಲ; ಒಂದು ರಾತ್ರಿ ಕಳೆಯಬೇಕು.

ನಮ್ಮ ರಾಷ್ಟ್ರಪ್ರಶಸ್ತಿಯಲ್ಲಿ ಲಕೋಟೆಯ ಸುಖವಿಲ್ಲ. ಪತ್ರಿಕಾಗೋಷ್ಠಿಯಲ್ಲಿ ಪಟ್ಟಿ ಓದುತ್ತಾರೆ, ಮುಗಿಯಿತು. ಯಾವಾಗ ಓದುತ್ತಾರೆಂಬ ನೆಚ್ಚಿಕೆಯೂ ಇಲ್ಲ. 2022ನೇ ಸಾಲಿನದನ್ನು ಓದಿದ್ದು 2024ರ ಆಗಸ್ಟ್ 16ರಂದು, ವರಮಹಾಲಕ್ಷ್ಮಿ ಹಬ್ಬದ ದಿನ. ಕಲಶದ ಮುಂದೆ ನೈವೇದ್ಯ ಇಡುವುದು ಬಿಟ್ಟು ನಾನು ಮೊಬೈಲ್ ಹಿಡಿದು ಕೂತಿದ್ದೆ. ‘ಕಾಂತಾರ’ಕ್ಕೆ ರಿಷಬ್ ಶೆಟ್ಟಿ ಅತ್ಯುತ್ತಮ ನಟ ಎಂದಾಗ ಕೈಯಲ್ಲಿದ್ದ ಒಬ್ಬಟ್ಟನ್ನು ದೇವಿಗೆ ತೋರಿಸುವ ಮೊದಲೇ ಬಾಯಿಗೆ ಹಾಕಿಕೊಂಡಿದ್ದೆ. ಕನ್ನಡ ಚಿತ್ರಕ್ಕೆ ಆ ಪ್ರಶಸ್ತಿ ಬಂದದ್ದು ‘ಚೋಮನ ದುಡಿ’ಯ ಎಂ.ವಿ. ವಾಸುದೇವರಾವ್, ‘ತಬರನ ಕಥೆ’ಯ ಚಾರುಹಾಸನ್, ‘ನಾನು ಅವನಲ್ಲ ಅವಳು’ ಚಿತ್ರದ ಸಂಚಾರಿ ವಿಜಯ್, ಆಮೇಲೆ ಇವರು. ತರಗತಿಯಲ್ಲಿ ನಿದ್ದೆ ಕವಿದಾಗ ನಾನು ಕೇಳುವ ರಸಪ್ರಶ್ನೆ ಒಂದಿದೆ: ರಾಜ್‌ಕುಮಾರ್ ಅವರಿಗೆ ಯಾವ ನಟನೆಗೆ ರಾಷ್ಟ್ರಪ್ರಶಸ್ತಿ ಬಂತು? ಮಕ್ಕಳು ಒಂದೊಂದೇ ಚಿತ್ರದ ಹೆಸರು ಕೂಗುತ್ತಾರೆ. ಬಂದದ್ದು ಹಾಡಿದ್ದಕ್ಕೆ, 1992ನೇ ಸಾಲಿನಲ್ಲಿ, ‘ಜೀವನ ಚೈತ್ರ’ದ ಗಾಯನಕ್ಕೆ. ಅಷ್ಟು ವರ್ಷ ನಟಿಸಿದವರಿಗೆ ಕೊರಳಿನ ಅಂಕ ಸಿಕ್ಕಿತು. ಬರೆದ ಉತ್ತರಕ್ಕಲ್ಲ, ಅಕ್ಷರ ದುಂಡಗಿದೆ ಎಂದು ಅಂಕ ಕೊಟ್ಟ ಹಾಗೆ ಎಂದರೆ ಅವರ ಗಾಯನಕ್ಕೆ ಅನ್ಯಾಯ ಮಾಡಿದಂತಾಗುತ್ತದೆ. ಆದರೂ ಆ ಮಾತು ನಾಲಿಗೆಯ ತುದಿಗೆ ಬಂದು ನಿಲ್ಲುತ್ತದೆ.

ಪ್ರಶಸ್ತಿ ಹುಚ್ಚಿರುವವರು ಕನ್ನಡಿಯ ಮುಂದೆ ಸ್ವೀಕಾರ ಭಾಷಣ ಅಭ್ಯಾಸ ಮಾಡುತ್ತಾರೆಂದು ಕೇಳಿದ್ದೇನೆ. ನಾನು ಅಭ್ಯಾಸ ಮಾಡಿರುವುದು ಸೋತವರ ಮುಖ. ಹೆಸರು ಓದುವ ಕ್ಷಣ ಪರದೆ ಐದು ಕಿಟಕಿಗಳಾಗುತ್ತದೆಯಲ್ಲ, ನನ್ನ ಕಣ್ಣು ಗೆದ್ದ ಕಿಟಕಿಯ ಮೇಲೆ ನಿಲ್ಲುವುದೇ ಇಲ್ಲ. ಉಳಿದ ನಾಲ್ವರು ತಕ್ಷಣ ಚಪ್ಪಾಳೆ ತಟ್ಟಬೇಕು, ಅತಿಯಾಗಿ ನಗಬಾರದು, ನಗದೆಯೂ ಇರಬಾರದು. ನಟ ಪೀಟರ್ ಓ’ಟೂಲ್ ಅವರಿಗೆ ಎಂಟು ಸಲ ನಾಮನಿರ್ದೇಶನ, ಒಮ್ಮೆಯೂ ಗೆಲುವಿಲ್ಲ. ಪಾಪವೆಂದು 2003ರಲ್ಲಿ ಗೌರವ ಪ್ರಶಸ್ತಿ ಕೊಟ್ಟರೆ, ಆ ಮನುಷ್ಯ 2007ರಲ್ಲಿ ಮತ್ತೆ ಸ್ಪರ್ಧೆಗೆ ಬಂದು ಮತ್ತೆ ಸೋತರು. ಅವರ ಹೆಸರಿಗೆ ನನ್ನ ನೋಟ್‌ಬುಕ್ಕಿನಲ್ಲಿ ಪ್ರತ್ಯೇಕ ಪುಟವಿದೆ.

ಆ ಮುಖ ನನಗೆ ಒಮ್ಮೆ ಕೆಲಸಕ್ಕೆ ಬಂತು. ಒಂದು ವರ್ಷ ಸಹೋದ್ಯೋಗಿಗಳ ಒತ್ತಾಯಕ್ಕೆ ಉತ್ತಮ ಶಿಕ್ಷಕ ಪ್ರಶಸ್ತಿಗೆ ಅರ್ಜಿ ಹಾಕಿದೆ. ಈ ಪ್ರಶಸ್ತಿಯಲ್ಲಿ ನಮ್ಮನ್ನು ನಾವೇ ಹೊಗಳಿಕೊಂಡು ಕಡತ ಮಾಡಬೇಕು. ಗಿಡ ನೆಟ್ಟ ಫೋಟೊ, ಮಕ್ಕಳೊಂದಿಗೆ ನಿಂತ ಫೋಟೊ, ಫಲಿತಾಂಶದ ಪಟ್ಟಿ, ಎಲ್ಲಕ್ಕೂ ದೃಢೀಕರಣ. ಬರಲಿಲ್ಲ. ಸಮಾರಂಭದಲ್ಲಿ ನಾಲ್ಕನೇ ಸಾಲಿನಲ್ಲಿ ಕೂತಿದ್ದೆ. ಪಡೆದವರು ಕೊಠಡಿಗೆ ಹೋಗುವುದಕ್ಕಿಂತ ಕಚೇರಿಗೆ ಹೋದದ್ದೇ ಹೆಚ್ಚು ಎಂದು ಅಕ್ಕಪಕ್ಕದವರು ಗೊಣಗಿದರು. ನಾನು ಓ’ಟೂಲ್ ಅವರನ್ನು ನೆನೆದು, ಗಲ್ಲ ತುಸು ಎತ್ತಿ, ಸರಿಯಾದ ಅಳತೆಯ ನಗೆಯಿಟ್ಟು ಚಪ್ಪಾಳೆ ತಟ್ಟಿದೆ. ಮನೆಗೆ ಬಂದು ಬಚ್ಚಲಿನಲ್ಲಿ ಅತ್ತುಬಿಟ್ಟೆ, ಅದು ಬೇರೆ. ಕಡತ ಬೀರುವಿನ ಮೇಲೆ ಇದೆ, ಮತ್ತೆ ಹಾಕಿಲ್ಲ.

ನೋಟ್‌ಬುಕ್ಕಿನ ಕೊನೆಯ ಪುಟಗಳಿಗೆ ಊಹೆಯೂ ಇಲ್ಲ, ಅಂಕವೂ ಇಲ್ಲ. ಆ ವರ್ಷ ತೀರಿಕೊಂಡವರ ಹೆಸರುಗಳು ತೆರೆಯ ಮೇಲೆ ಬರುವ ಹೊತ್ತಿಗೆ ನಾನು ಪೆನ್ನು ಕೆಳಗಿಡುತ್ತೇನೆ. 2018ರಲ್ಲಿ ಶಶಿ ಕಪೂರ್, ಶ್ರೀದೇವಿ ಬಂದರು. 2021ರಲ್ಲಿ ಇರ್ಫಾನ್ ಖಾನ್ ಜೊತೆ ಭಾನು ಅಥೈಯಾ ಅವರೂ ಬಂದರು. ಭಾರತಕ್ಕೆ ಮೊದಲ ಆಸ್ಕರ್ ತಂದ ಆ ವಸ್ತ್ರವಿನ್ಯಾಸಕಿ ತಮ್ಮ ಪ್ರತಿಮೆಯನ್ನು ಇಲ್ಲಿ ಜೋಪಾನ ಮಾಡುವವರು ಯಾರು ಎಂಬ ಚಿಂತೆಯಿಂದ ಬದುಕಿದ್ದಾಗಲೇ ಅಕಾಡೆಮಿಗೆ ಹಿಂದಿರುಗಿಸಿದ್ದರು. ಅಲ್ಲಿ ಬಾರದ ನಮ್ಮವರ ಹೆಸರನ್ನು ನಾನೇ ಬರೆಯುತ್ತೇನೆ. 2021ರ ಪುಟದಲ್ಲಿ ಸಂಚಾರಿ ವಿಜಯ್, ಜಯಂತಿ, ಪುನೀತ್ ರಾಜ್‌ಕುಮಾರ್ ಒಂದರ ಕೆಳಗೊಂದು ಇದ್ದಾರೆ. ಮೂರನೇ ಹೆಸರು ಬರೆದ ದಿನ ಶಾಯಿ ಹರಡಿದೆ.

2025ರ ಮಾರ್ಚ್ 3. ಐದೂವರೆಗೆ ಶುರು. ಕಟ್ಟಿನಲ್ಲಿ ಪ್ರಥಮ ಭಾಷೆಯ ನಲವತ್ತು ಪತ್ರಿಕೆಗಳು. ಪ್ರಬಂಧದ ವಿಷಯ ಸಮೂಹ ಮಾಧ್ಯಮಗಳು. ಮೂವತ್ತು ಮಕ್ಕಳು ಒಂದೇ ಗೈಡಿನಿಂದ ಬಾಯಿಪಾಠ ಮಾಡಿದ್ದನ್ನು ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಎಂದು ಅಚ್ಚುಕಟ್ಟಾಗಿ ಇಳಿಸಿದ್ದರು. ಅವರಿಗೆಲ್ಲ ನಾಲ್ಕು, ನಾಲ್ಕು, ನಾಲ್ಕು. ಏಡ್ರಿಯನ್ ಬ್ರೋಡಿ ಐದೂವರೆ ನಿಮಿಷಕ್ಕೂ ಮೀರಿ ಭಾಷಣ ಮಾಡಿ ಆಸ್ಕರ್ ಇತಿಹಾಸದಲ್ಲೇ ದೀರ್ಘ ಎನಿಸಿಕೊಂಡ ಅವಧಿಯಲ್ಲಿ ನಾನು ಒಂದು ಪತ್ರಿಕೆಯ ವ್ಯಾಕರಣ ವಿಭಾಗವನ್ನೇ ಮುಗಿಸಿದೆ. ಮೂವತ್ತೊಂದನೆಯ ಪತ್ರಿಕೆಯ ಹುಡುಗ ರೇಡಿಯೊ, ಪತ್ರಿಕೆ, ದೂರದರ್ಶನ ಎಂದು ಒಂದೊಂದು ಸಾಲು ಬರೆದು, ಸಿನಿಮಾಕ್ಕೆ ಬಂದವನು ಅಲ್ಲೇ ನಿಂತುಬಿಟ್ಟಿದ್ದ. ಅವನ ಅಪ್ಪ ಟಾಕೀಸಿನಲ್ಲಿ ಬಾಗಿಲು ಕಾಯುತ್ತಾರಂತೆ. ಸಿನಿಮಾ ಮುಗಿಯುವುದಕ್ಕೆ ಎರಡು ನಿಮಿಷ ಇರುವಾಗ ಅಪ್ಪ ಒಳಗೆ ಬಂದು ಕತ್ತಲಲ್ಲಿ ಬಾಗಿಲಿನ ಹತ್ತಿರ ನಿಲ್ಲುತ್ತಾರೆ. ಎಲ್ಲ ಸಿನಿಮಾಗಳ ಕೊನೆಯನ್ನೂ ನೋಡಿದ್ದಾರೆ, ಯಾವುದರ ಮೊದಲೂ ಗೊತ್ತಿಲ್ಲ. ಈಗ ಜನ ಬರುವುದು ಕಡಿಮೆ, ಕೆಲವು ದಿನ ಎಂಟು ಜನಕ್ಕೆ ಬಾಗಿಲು ತೆಗೆಯುತ್ತಾರೆ. ಇಷ್ಟು ಬರೆದು ಪ್ರಬಂಧ ನಿಲ್ಲಿಸಿದ್ದ.

ಕ್ರಮ ಪ್ರಕಾರ ಮೂರು ಕೊಟ್ಟೆ. ತಲೆಯೆತ್ತಿದರೆ ಪರದೆಯ ಮೇಲೆ ಶಾನ್ ಬೇಕರ್. ಒಂದೇ ರಾತ್ರಿ ಒಂದೇ ಚಿತ್ರಕ್ಕೆ ನಾಲ್ಕು ಪ್ರಶಸ್ತಿ ಪಡೆದವರು, ಅತ್ಯುತ್ತಮ ನಿರ್ದೇಶಕನ ಪ್ರತಿಮೆ ಹಿಡಿದುಕೊಂಡು ಚಿತ್ರಮಂದಿರಗಳು ಮುಚ್ಚುತ್ತಿರುವುದರ ಬಗ್ಗೆ, ಚಿತ್ರಗಳನ್ನು ಅಲ್ಲೇ ಹೋಗಿ ನೋಡಬೇಕೆಂಬುದರ ಬಗ್ಗೆ ಮಾತನಾಡುತ್ತಿದ್ದರು. ಅಂದು ಅವರ ತಾಯಿಯ ಹುಟ್ಟುಹಬ್ಬವಂತೆ, ಐದು ವರ್ಷದವನಿದ್ದಾಗ ಅಮ್ಮನೇ ಸಿನಿಮಾಕ್ಕೆ ಕರೆದುಕೊಂಡು ಹೋದದ್ದಂತೆ. ಅತ್ತೆಗೆ ಹೇಳಿದೆ. “ಸರಿಯಾದವನಿಗೇ ಸಂದಿದೆ” ಎಂದು ಅವರು ಕಾಲು ಚಾಚಿಕೊಂಡರು.

ನಾನು ಮೂರರ ಮೇಲೆ ಗೆರೆ ಎಳೆದು ನಾಲ್ಕೂವರೆ ಮಾಡಿ ಪಕ್ಕದಲ್ಲಿ ಸಹಿ ಹಾಕಿದೆ. ಏನು ತಿದ್ದಿದೆ ಎಂದು ಅತ್ತೆ ಕೇಳಿದರು. ಹುಡುಗನ ಪ್ರಬಂಧವನ್ನು ಪೂರ್ತಿ ಓದಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಐದಕ್ಕೆ ಐದು ಕೊಟ್ಟರೆ ನಿಮ್ಮಪ್ಪನ ಗಂಟೇನು ಹೋಗುತ್ತದೆ?” ಎಂದರು.

“ಒತ್ತಕ್ಷರ ತಪ್ಪಿದೆ ಅತ್ತೆ. ಉಪಸಂಹಾರವನ್ನೂ ಬರೆದಿಲ್ಲ.”